ಒಂದು ಕೆರೆ, ನಾಲ್ಕು ವಿಭಾಗ

ಬೆಳಿಗ್ಗೆ 11 ಗಂಟೆಗೆ ನಾವು ಅಳೆದ ನೀರಿನಲ್ಲಿ ಕರಗಿದ ಆಮ್ಲಜನಕ ಬೇಕಾದಷ್ಟಿತ್ತು. ಆದರೂ ಆ ಕೆರೆಯಲ್ಲಿ ಮೀನುಗಳು ಸಾಯುತ್ತಿದ್ದವು. ಹಾಸನ ತಾಲ್ಲೂಕಿನ ಆ ಊರಿನಲ್ಲಿ ಮೀನುಗಾರಿಕೆಯ ಗುತ್ತಿಗೆ ಹಿಡಿದಿದ್ದ ಹಿರಿಯರೊಬ್ಬರು ನನ್ನ ವಿದ್ಯಾರ್ಥಿಗಳ ಬಾಟಲಿಗಳನ್ನು ಸ್ವಲ್ಪ ಹೊತ್ತು ನೋಡಿ, "ಮೀನು ಸಾಯೋದು ಕೋಳಿ ಕೂಗೋ ಹೊತ್ತಿಗೆ, ನೀವು ಬರೋದು ಬಿಸಿಲೇರಿದ ಮೇಲೆ" ಎಂದರು. ಮುಂದಿನ ವಾರ ನಾವು ಸೂರ್ಯೋದಯಕ್ಕೆ ಮುಂಚೆಯೇ ಕೆರೆ ಏರಿಯ ಮೇಲಿದ್ದೆವು, ಮತ್ತು ಅವರ ಮಾತು ನಿಜವಾಗಿತ್ತು. ಪಾಚಿಗಟ್ಟಿದ ಕೆರೆಯಲ್ಲಿ ಹಗಲೆಲ್ಲ ಪಾಚಿಯೇ ಆಮ್ಲಜನಕವನ್ನು ಬಿಡುತ್ತದೆ, ಇರುಳೆಲ್ಲ ಅದೇ ಪಾಚಿ ಉಸಿರಾಡುತ್ತ ಅದನ್ನು ಬಳಸಿ ಮುಗಿಸುತ್ತದೆ. ಹಾಗಾಗಿ ನೀರು ಅತ್ಯಂತ ಬಡವಾಗಿರುವುದು ಬೆಳಕು ಹರಿಯುವ ಮುಂಚಿನ ಗಳಿಗೆಯಲ್ಲಿ. ಇದನ್ನು ನಾನು ವರ್ಷಗಳ ಕಾಲ ತರಗತಿಯಲ್ಲಿ ಹೇಳಿಕೊಟ್ಟಿದ್ದೆ. ಆದರೂ ನಮ್ಮ ವೇಳಾಪಟ್ಟಿ ಮತ್ತು ಬಸ್ಸಿನ ಸಮಯಕ್ಕೆ ಹೊಂದಿಕೊಂಡು ಅಳೆಯುತ್ತಿದ್ದೆವಾದ್ದರಿಂದ, ಕೆರೆಯ ದಿನದಲ್ಲಿ ನೋಡಲೇಬೇಕಾದ ಗಂಟೆಯೇ ನಮ್ಮ ಕೈತಪ್ಪಿತ್ತು.

ಆ ಬೆಳಗಿಗೆ ನಾವು ತಲುಪುವ ಹೊತ್ತಿಗೆ ನಮ್ಮ ಕಾಲೇಜಿನ ಮುಕ್ತ ಐಚ್ಛಿಕ ಪತ್ರಿಕೆಯ, ಅಂದರೆ ಬೇರೆ ಬೇರೆ ವಿಭಾಗಗಳ ವಿದ್ಯಾರ್ಥಿಗಳು ಆರಿಸಿಕೊಳ್ಳಬಹುದಾದ ಪಾಠದ, ಮೊದಲ ವರ್ಷ ಕಳೆದುಹೋಗಿತ್ತು. ರಸಾಯನಶಾಸ್ತ್ರದ ನಾನು ಮತ್ತು ಇತಿಹಾಸ, ಅರ್ಥಶಾಸ್ತ್ರ, ಕನ್ನಡ ವಿಭಾಗಗಳ ಮೂವರು, ಹೀಗೆ ನಾಲ್ವರು ಅಧ್ಯಾಪಕರು ಸೇರಿ ಸುಸ್ಥಿರತೆಯ ಬಗ್ಗೆ ಒಂದು ಪತ್ರಿಕೆಯನ್ನು ರೂಪಿಸಿದ್ದೆವು. ವಾರಗಳನ್ನು ಸಮನಾಗಿ ಹಂಚಿಕೊಂಡು, ಪ್ರತಿಯೊಬ್ಬರೂ ತಮ್ಮ ಪಾಲಿನ ಪಾಠ ಮುಗಿಸಿ ಮುಂದಿನವರಿಗೆ ತರಗತಿಯನ್ನು ಒಪ್ಪಿಸುತ್ತಿದ್ದೆವು. ವಿದ್ಯಾರ್ಥಿಗಳು 1987ರ ಬ್ರಂಟ್‌ಲ್ಯಾಂಡ್ ವರದಿ ಸುಸ್ಥಿರ ಅಭಿವೃದ್ಧಿಗೆ ಕೊಟ್ಟ ವ್ಯಾಖ್ಯೆಯನ್ನೂ ವಿಶ್ವಸಂಸ್ಥೆಯ 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನೂ ಚೆನ್ನಾಗಿ ಬರೆದರು. ಆದರೆ ಒಬ್ಬ ಅಧ್ಯಾಪಕರು ಹೇಳಿದ್ದನ್ನು ಇನ್ನೊಬ್ಬರು ಹೇಳಿದ್ದಕ್ಕೆ ಜೋಡಿಸಿ ಒಂದು ವಾಕ್ಯವನ್ನಾದರೂ ಬರೆದ ಉತ್ತರಪತ್ರಿಕೆ ನಮಗೆ ಸಿಗಲಿಲ್ಲ. ತಪ್ಪು ನಮ್ಮದೇ ಆಗಿತ್ತು: ನಾವೇ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕುಳಿತಿರಲಿಲ್ಲ.

ಎರಡನೆಯ ವರ್ಷ ಘಟಕಗಳನ್ನು ಬದಿಗಿಟ್ಟು ಒಂದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡೆವು: ಈ ಕೆರೆ ಏಕೆ ಹಸಿರಾಯಿತು, ಮತ್ತು ಅದರ ಹೂಳನ್ನು ಜನ ಏಕೆ ಎತ್ತುತ್ತಿಲ್ಲ? ನಾಲ್ವರೂ ಎಲ್ಲ ತರಗತಿಗಳಲ್ಲೂ ಇರುವುದೆಂದು ಒಪ್ಪಿಕೊಂಡೆವು.

ಕೆಲಸ ನಿಜವಾಗಿ ತೆರೆದುಕೊಂಡದ್ದು ಒಂದು ಪದದಿಂದ. ಕನ್ನಡ ವಿಭಾಗದ ವಿದ್ಯಾರ್ಥಿನಿಯೊಬ್ಬಳು ಊರಿನವರ ಮಾತನ್ನು ಬರೆದುಕೊಳ್ಳುವಾಗ, ಕೆರೆಯ ತಳದ ಮಣ್ಣಿಗೆ ಅವರು ಎರಡು ಹೆಸರು ಬಳಸುತ್ತಾರೆಂಬುದನ್ನು ಗಮನಿಸಿದಳು. ಕೆರೆಯಲ್ಲಿ ತುಂಬಿಕೊಂಡಿರುವಾಗ ಅದು ಹೂಳು. ಬಂಡಿಯಲ್ಲಿ ಹೊಲಕ್ಕೆ ಹೋಗುವಾಗ ಅದೇ ಮಣ್ಣು ಗೋಡು. ವಯಸ್ಸಾದವರು ಗೋಡೆಂದೇ ಹೇಳುತ್ತಿದ್ದರು, ನಲವತ್ತು ದಾಟದವರು ಬಹುತೇಕ ಹೂಳೆಂದಷ್ಟೇ ಹೇಳುತ್ತಿದ್ದರು. ನನ್ನ ಪ್ರಯೋಗಶಾಲೆಗೆ ಆ ಎರಡು ಪದಗಳ ನಡುವಿನ ಅಂತರವೇ ರಂಜಕದ, ಅಂದರೆ ಬೆಳೆಯನ್ನೂ ಪಾಚಿಯನ್ನೂ ಬೆಳೆಸುವ ಫಾಸ್ಫರಸ್‌ನ, ಕಥೆಯಾಗಿತ್ತು. ರಂಜಕ ನೀರಿನಲ್ಲಿ ಸುಲಭವಾಗಿ ಕರಗಿ ಹರಿಯುವಂಥದ್ದಲ್ಲ. ಅದು ಜೇಡಿ ಕಣಗಳಿಗೆ ಅಂಟಿಕೊಂಡು, ಮಳೆಗೆ ಕೊಚ್ಚಿದ ಮೇಲ್ಮಣ್ಣಿನ ಜೊತೆಯಲ್ಲೇ ಕೆರೆ ಸೇರುತ್ತದೆ. 50 ಕಿಲೋ ಡಿಎಪಿ ರಸಗೊಬ್ಬರದ ಚೀಲವೊಂದರಲ್ಲಿ ಸುಮಾರು 10 ಕಿಲೋ ರಂಜಕವಿರುತ್ತದೆ, ಮತ್ತು ಕೆರೆಯ ಮೇಲುಭಾಗದಲ್ಲಿ ಆಲೂಗಡ್ಡೆ, ಶುಂಠಿ, ಮುಸುಕಿನ ಜೋಳದ ಹೊಲಗಳಿವೆ. ಹಿಂದೆ ಬೇಸಿಗೆಯಲ್ಲಿ ಗೋಡು ಹೊಡೆಯುತ್ತಿದ್ದಾಗ ಹೊಲದಿಂದ ಹೋದದ್ದು ಹೊಲಕ್ಕೇ ಮರಳುತ್ತಿತ್ತು. ಗೊಬ್ಬರ ಚೀಲದಲ್ಲಿ ಬರತೊಡಗಿದ ಮೇಲೆ ಬಂಡಿ ನಿಂತಿತು, ಆದರೆ ಕೆರೆಗೆ ಮಣ್ಣು ಬರುವುದು ನಿಲ್ಲಲಿಲ್ಲ. ಇಲ್ಲಿಗೆ ಬೆಳಗಿನ ಜಾವದ ಲೆಕ್ಕವೂ ಬಂದು ಸೇರುತ್ತದೆ: ತಳದಲ್ಲಿ ಆಮ್ಲಜನಕ ಬರಿದಾದಾಗ, ಕಬ್ಬಿಣದ ಜೊತೆ ಬಂದಿಯಾಗಿದ್ದ ರಂಜಕ ಬಿಡುಗಡೆಯಾಗಿ ಮತ್ತೆ ನೀರಿಗೆ ಏರುತ್ತದೆ. ಅಂದರೆ ನಾಳೆಯಿಂದಲೇ ಎಲ್ಲರೂ ಗೊಬ್ಬರ ಕಡಿಮೆ ಮಾಡಿದರೂ ತಳದ ಹೂಳು ಇನ್ನೂ ಬಹಳ ಕಾಲ ಪಾಚಿಯನ್ನು ಸಾಕುತ್ತಿರುತ್ತದೆ. ಈ ಒಂದು ಸಂಗತಿಯನ್ನು ಅರ್ಥಶಾಸ್ತ್ರದ ಮಕ್ಕಳಿಗೆ ಅರ್ಥವಾಗುವಂತೆ ವಿವರಿಸಲು ನನಗೆ ಮೂರು ತರಗತಿಗಳು ಬೇಕಾದವು, ಮತ್ತು ನಾನು ಅದನ್ನು ನಿಜವಾಗಿ ಅರಿತುಕೊಂಡದ್ದೂ ಆ ಮೂರು ತರಗತಿಗಳಲ್ಲೇ ಎಂದು ಈಗಲೂ ನಂಬುತ್ತೇನೆ.

ಇತಿಹಾಸದ ಸಹೋದ್ಯೋಗಿ ವಿದ್ಯಾರ್ಥಿಗಳ ಕೈಗೆ ಬಿ. ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕದ 5ನೆಯ ಸಂಪುಟವನ್ನು, ಅಂದರೆ ಹಾಸನ ಜಿಲ್ಲೆಯ ಶಾಸನಗಳನ್ನು ಕೊಟ್ಟರು. ಹಳೇಬೀಡು ದೋರಸಮುದ್ರವೆಂಬ ಹೆಸರನ್ನು ಪಡೆದದ್ದೇ ಕೆರೆಯಿಂದ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು, ಕೆರೆ ಕಟ್ಟಿಸಿದವರು ಅದರ ದುರಸ್ತಿಗೆಂದು ಕಟ್ಟುಕೊಡಗೆಯಾಗಿ ಭೂಮಿಯನ್ನು ಬಿಡುತ್ತಿದ್ದರು ಎಂಬುದು. ಕೆರೆಯ ಖರ್ಚು ಕೆರೆಯ ಅಚ್ಚುಕಟ್ಟಿನಿಂದಲೇ ಹುಟ್ಟುವ ವ್ಯವಸ್ಥೆ ಅದು. ತೂಬು ಎತ್ತಿ ಇಳಿಸಿ ಗದ್ದೆಗೆ ನೀರು ಹಂಚುತ್ತಿದ್ದ ನೀರುಗಂಟಿಯ ಮನೆಯವರನ್ನು ಹುಡುಕಿಕೊಂಡು ಹೋದಾಗ, ಆ ಕೆಲಸ ತಮ್ಮ ತಂದೆಯ ಕಾಲಕ್ಕೇ ಮುಗಿಯಿತೆಂದು ಮಗ ಹೇಳಿದರು. ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕಿದ 1961ರ ಕಾಯ್ದೆಯನ್ನು ನಮ್ಮ ವಿದ್ಯಾರ್ಥಿಗಳು ಅದಾದ ಮೇಲೆ ಓದಿದರು. ಇಲ್ಲಿ ತರಗತಿಯಲ್ಲಿ ತೀವ್ರವಾದ ಚರ್ಚೆ ನಡೆಯಿತು, ಏಕೆಂದರೆ ಆ ಹುದ್ದೆಯ ಜೊತೆ ಜಾತಿಯ ಕಟ್ಟುಪಾಡೂ ಬಿಟ್ಟಿ ಚಾಕರಿಯೂ ಇದ್ದವು. ಕೆರೆ ಚೆನ್ನಾಗಿತ್ತು ಎಂಬ ಕಾರಣಕ್ಕೆ ಹಳೆಯ ವ್ಯವಸ್ಥೆಯನ್ನು ಹಾಡಿ ಹೊಗಳಲು ನೀರುಗಂಟಿಯ ಮಗ ಸಿದ್ಧರಿರಲಿಲ್ಲ. ಪರಿಸರದ ಬಗ್ಗೆ ಕಲಿಸುವವರು ಈ ಮಾತನ್ನು ಕೇಳಿಸಿಕೊಳ್ಳಲೇಬೇಕು ಎಂದು ನಾನು ಬಲವಾಗಿ ನಂಬುತ್ತೇನೆ.

ಅರ್ಥಶಾಸ್ತ್ರದವರು ರೈತರ ಲೆಕ್ಕವನ್ನು ಕುಳಿತು ಬರೆದರು. ಹಾಸನದ ಮುಂಗಾರು ಆಲೂಗಡ್ಡೆಗೆ ಬಿತ್ತನೆ ಗಡ್ಡೆ ಬರುವುದು ದೂರದ ಜಲಂಧರ್ ಕಡೆಯಿಂದ. ಬಿತ್ತನೆಗೇ ದೊಡ್ಡ ಮೊತ್ತ ಸುರಿದವನು, ಜಡಿಮಳೆ ಹಿಡಿದು ಅಂಗಮಾರಿ ರೋಗ ಬಂದರೆ ಎಲ್ಲವೂ ಹೋಗುತ್ತದೆಂಬ ಭಯದಲ್ಲಿ, ಗೊಬ್ಬರದಲ್ಲಾದರೂ ಕೊರತೆಯಾಗದಿರಲಿ ಎಂದು ಹೆಚ್ಚೇ ಹಾಕುತ್ತಾನೆ. ಇದನ್ನು ಅಜ್ಞಾನ ಎನ್ನುವುದು ಅನ್ಯಾಯ. ಒಂದು ಟ್ರ್ಯಾಕ್ಟರ್ ಗೋಡಿನಲ್ಲಿ ಎಷ್ಟು ಡಿಎಪಿಗೆ ಸಮನಾದ ರಂಜಕವಿದೆ, ಅದನ್ನು ಸಾಗಿಸಲು ಎಷ್ಟು ಡೀಸೆಲ್ ಬೇಕು ಎಂಬ ಲೆಕ್ಕವನ್ನು ಎರಡು ವಿಭಾಗಗಳ ಮಕ್ಕಳು ಒಂದೇ ಹಾಳೆಯ ಮೇಲೆ ಮಾಡಿದ ದಿನ ನಮಗೆ ಅಪಾರ ಸಂತೋಷವಾಯಿತು. ಹತ್ತಿರದ ಹೊಲಗಳಿಗೆ ಗೋಡು ಲಾಭ, ದೂರದವುಗಳಿಗೆ ಸಾಗಣೆಯೇ ಹೊರೆ ಎಂಬುದು ಅಲ್ಲಿ ಸ್ಪಷ್ಟವಾಯಿತು.

ಆಡಳಿತದ ಕಷ್ಟಗಳನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇನೆ. ನಾಲ್ವರು ಒಟ್ಟಿಗೆ ನಿಂತ ತರಗತಿಯ ಗಂಟೆ ಒಬ್ಬರ ಕಾರ್ಯಭಾರಕ್ಕೆ ಮಾತ್ರ ಸೇರುತ್ತಿತ್ತು. ನಾವು ಕಳುಹಿಸಿದ ಪ್ರಬಂಧವೊಂದು ತಮ್ಮ ವಿಷಯವ್ಯಾಪ್ತಿಗೆ ಸೇರುವುದಿಲ್ಲವೆಂಬ ಕಾರಣಕ್ಕೆ ಎರಡು ಸಂಶೋಧನಾ ನಿಯತಕಾಲಿಕೆಗಳಿಂದ ಮರಳಿ ಬಂದಿತು. ಮೌಲ್ಯಮಾಪನಕ್ಕೆ ಮಾತ್ರ ನಾವು ಒಂದು ದಾರಿ ಕಂಡುಕೊಂಡೆವು: ಪ್ರತಿ ವರದಿಯನ್ನು ಬರೆದವರ ವಿಭಾಗಕ್ಕೆ ಸೇರದ ಒಬ್ಬ ಅಧ್ಯಾಪಕರು ಮೊದಲು ಓದುತ್ತಾರೆ, ಮತ್ತು ಅವರಿಗೆ ಅರ್ಥವಾಗದ ವಾಕ್ಯಗಳನ್ನು ವಿದ್ಯಾರ್ಥಿ ತಿದ್ದಿ ಬರೆದ ನಂತರವೇ ಅಂಕ ಕೊಡಲಾಗುತ್ತದೆ. ಹಾಗೆಯೇ, ವರದಿಯ ಸಾರಾಂಶವನ್ನು ಕನ್ನಡದಲ್ಲಿ ಏರಿಯ ಮೇಲಿನ ಅರಳಿಕಟ್ಟೆಯಲ್ಲಿ ಊರಿನವರೆದುರು ಓದಿ ಹೇಳಬೇಕು.

ಹೂಳನ್ನು ಹೊಲಕ್ಕೆ ಹಾಕಿ ಎಂದು ನಾವು ತಕ್ಷಣ ಹೇಳಲಿಲ್ಲ. ಬಡಾವಣೆಗಳ ಕೊಳಚೆ ಸೇರುವ ಕೆರೆಯ ಮಣ್ಣಿನಲ್ಲಿ ಭಾರಲೋಹಗಳಿರುವ ಸಾಧ್ಯತೆ ಇರುವುದರಿಂದ ಮೊದಲು ಅದನ್ನು ಪರೀಕ್ಷಿಸಿದೆವು. ಕುಡಿಯಲು ಬಳಸುವ ಕೊಳವೆಬಾವಿಗಳ ನೀರಿನಲ್ಲಿ ನೈಟ್ರೇಟ್ ಕುಡಿಯುವ ನೀರಿನ ಮಿತಿಯಾದ ಲೀಟರಿಗೆ 45 ಮಿಲಿಗ್ರಾಂ ಮೀರಿದೆಯೇ ಎಂದೂ ನೋಡಿದೆವು. ಈ ಬೇಸಿಗೆಯಲ್ಲಿ ಏರಿಗೆ ಹತ್ತಿರದ ಮೂವರು ರೈತರು ತಮ್ಮ ಹೊಲದ ಅರ್ಧಕ್ಕೆ ಗೋಡು ಹೊಡೆಸಿ, ಇನ್ನರ್ಧವನ್ನು ಹಾಗೆಯೇ ಬಿಟ್ಟಿದ್ದಾರೆ. ಮುಸುಕಿನ ಜೋಳದ ಕೊಯ್ಲಾದ ಮೇಲೆ ಎರಡೂ ಭಾಗಗಳಿಂದ ಮಣ್ಣಿನ ಮಾದರಿ ತೆಗೆಯುವವರು ಈ ಸಲ ಅರ್ಥಶಾಸ್ತ್ರದ ವಿದ್ಯಾರ್ಥಿಗಳು. ರೈತರ ಜೊತೆ ಕುಳಿತು ಖರ್ಚಿನ ಲೆಕ್ಕ ಬರೆಯುವವರು ರಸಾಯನಶಾಸ್ತ್ರದವರು.