ಬೇಕನ್ ಹಾಕಿ ಕೋಸಿನ ಪಲ್ಯವೇ? ಬಾಣಲೆ ತಣ್ಣಗಿರಲಿ
ಎಲೆಕೋಸಿಗೆ ಬೇಕನ್ (ಉಪ್ಪು ಹಾಕಿ ಹದಮಾಡಿದ, ಕೊಬ್ಬಿರುವ ಹಂದಿಮಾಂಸ) ಹಾಕುವವರು ಬಾಣಲೆ ಮೊದಲೇ ಕಾಯಿಸಬೇಡಿ, ಎಣ್ಣೆಯೂ ಬೇಡ. ಹೆಚ್ಚಿದ ಬೇಕನ್ನನ್ನು ತಣ್ಣನೆ ಬಾಣಲೆಗೆ ಹಾಕಿ, ಆಮೇಲೆ ಸಣ್ಣ ಉರಿ ಹಚ್ಚಿ. ನಿಧಾನಕ್ಕೆ ಕಾದರೆ ಮಾಂಸ ಕೆಂಪಾಗುವ ಮೊದಲೇ ಕೊಬ್ಬು ಕರಗಿ ಇಳಿಯುತ್ತದೆ. ಕಾದ ಬಾಣಲೆಯಲ್ಲಾದರೆ ಹೊರಗೆ ಸೀದು, ಕೊಬ್ಬು ಒಳಗೇ ಉಳಿಯುತ್ತದೆ. ಗರಿಗರಿಯಾದ ತುಂಡುಗಳನ್ನು ತೆಗೆದಿಟ್ಟು, ಅದೇ ಕೊಬ್ಬಿನಲ್ಲಿ ಈರುಳ್ಳಿ, ಕೋಸು ಬಾಡಿಸಿ. ತುಂಡುಗಳನ್ನು ಕೊನೆಗೆ ಸೇರಿಸಿ, ಇಲ್ಲದಿದ್ದರೆ ಕೋಸು ಬಿಡುವ ನೀರಿಗೆ ಮೆತ್ತಗಾಗುತ್ತವೆ. ಉಪ್ಪು ಮಾತ್ರ ರುಚಿ ನೋಡದೆ ಹಾಕಲೇಬೇಡಿ, ಬೇಕನ್ನಲ್ಲೇ ಜಾಸ್ತಿ ಇರುತ್ತದೆ ಅಲ್ವಾ! ಹಂದಿಯ ಬೆನ್ನಿನ ಭಾಗದ ಬ್ಯಾಕ್ ಬೇಕನ್, ಚಿಕನ್ ಬೇಕನ್‌ಗೆ ಈ ಉಪಾಯ ನಡೆಯುವುದಿಲ್ಲ. ಕರಗುವಷ್ಟು ಕೊಬ್ಬೇ ಇರುವುದಿಲ್ಲ, ಒಂದು ಚಮಚ ಎಣ್ಣೆ ಬೇಕೇ ಬೇಕು. ಬಾಣಲೆಗೆ ಒಟ್ಟಿಗೇ ತುರುಕಿದರೂ ಅಷ್ಟೇ, ಬೇಕನ್ ಹುರಿಯುವ ಬದಲು ಬೇಯುತ್ತದೆ.