ನೇಪಿಯರ್ ಹುಲ್ಲು ಕೊಯ್ದ್ಮೇಲೆ ಸರಿಯಾಗಿ ಚಿಗುರ್ತಿರ್ಲಿಲ್ಲ, ಸರಿ ಹೋಗಿದ್ದು ಹೀಗೆ

ಹಸು ಮೇವಿಗೆ ಅಂತ ಹಾಕಿದ್ದ ಹೈಬ್ರಿಡ್ ನೇಪಿಯರ್ ಹುಲ್ಲು ಮೊದಲ ಕಟಾವಿಗೆ ಚೆನ್ನಾಗಿ ಬಂತು, ಆಮೇಲೆ ಪ್ರತಿ ಸಲ ಬುಡ ತೆಳು ಆಗ್ತಾ ಎಲೆ ಹಳದಿ, ದಂಟು ಮಾತ್ರ ಗಟ್ಟಿ, ಹಸು ಅರ್ಧ ಬಿಡ್ತಿತ್ತು. ನೀರು ಜಾಸ್ತಿ ಕೊಟ್ರೂ ಅಷ್ಟೇ, ಹಸಿ ಸಗಣಿ ಹಾಕಿದ್ರೆ ಕಳೆ ಎದ್ದಿದ್ದೇ ಬಂತು, ಬರೀ ಯೂರಿಯಾ ಒಂದು ಕಟಾವಿಗಷ್ಟೇ ಹಸಿರು.

ಕೆಲಸ ಮಾಡಿದ್ದು ಟೈಮಿಂಗ್. ನೆಟ್ಟು 70-75 ದಿನಕ್ಕೆ ಮೊದಲ ಕಟಾವು, ಆಮೇಲೆ 40-45 ದಿನಕ್ಕೊಂದು, ಇನ್ನೂ ಎತ್ತರ ಬರ್ಲಿ ಅಂತ ಕಾಯಲೇಬಾರ್ದು, ಕಾದಷ್ಟೂ ನಾರು ಜಾಸ್ತಿ ಪ್ರೋಟೀನ್ ಕಮ್ಮಿ. ನೆಲಕ್ಕೆ ತಾಗಿಸಿ ಕೊಯ್ಯದೆ 10-15 ಸೆಂ.ಮೀ. ಕೂಳೆ (ಬುಡದ ದಂಟು) ಬಿಡ್ಬೇಕು. ಕೊಯ್ದ ಒಂದೆರಡು ದಿನದಲ್ಲೇ ಸಾಲಿನ ಮಧ್ಯೆ ಮಣ್ಣು ಸಡಿಲ ಮಾಡಿ, ಪೂರ್ತಿ ಕೊಳೆತ ಕೊಟ್ಟಿಗೆ ಗೊಬ್ಬರ ಬುಡದ ಪಕ್ಕ ಹಾಕಿ, ಮಣ್ಣು ಮುಚ್ಚಿ, ಕೊನೆಗೆ ನೀರು. ಇದೇ ಆರ್ಡರ್, ಪ್ರತಿ ಕಟಾವಿಗೂ. ಚಿಗುರು ಎತ್ತರ ಆದ್ಮೇಲೆ ಗೊಬ್ಬರ ಹಾಕಿದ್ರೆ ಅದು ಮುಂದಿನ ಕಟಾವಿಗೆ ಹೋಗತ್ತೆ, ಈ ಸಲಕ್ಕಲ್ಲ.