ಫ್ಯಾನಿನ ಗಾಳಿಯಲ್ಲೇ ನಿದ್ದೆ ಬರುವ ಅಪಾರ್ಟ್‌ಮೆಂಟ್‌ ಕಟ್ಟುವುದು ಹೇಗೆ?

ಬೇಸಿಗೆಯಲ್ಲಿ ದಾವಣಗೆರೆಯ ಯಾವ ಅಪಾರ್ಟ್‌ಮೆಂಟ್‌ನಲ್ಲಿ ಕೇಳಿದರೂ ಕೊನೆಯ ಮಹಡಿಯವರದು ಒಂದೇ ದೂರು: ರಾತ್ರಿಯಾದರೂ ಮನೆ ತಣಿಯುವುದಿಲ್ಲ. ಹಗಲೆಲ್ಲ ಕಾದ ಆರ್‌ಸಿಸಿ ತಾರಸಿ ಸಂಜೆಯ ಮೇಲೆ ಆ ಶಾಖವನ್ನು ಒಳಗೆ ಬಿಡುತ್ತದೆ. ನಿಟ್ಟುವಳ್ಳಿಯಂಥ ಕಡೆ ಎಂಟು ಹತ್ತು ಮನೆಯ ಕಟ್ಟಡ ಎಬ್ಬಿಸುವವರು ಗಾಜಿನ ಮುಂಭಾಗಕ್ಕೆ ಸುರಿಯುವ ದುಡ್ಡನ್ನು ತಾರಸಿಗೆ, ಪಶ್ಚಿಮದ ಗೋಡೆಗೆ ಹಾಕಿದರೆ ಸಾಕು, ಎಸಿ ಮಾತೇ ಬರುವುದಿಲ್ಲ.

ಮೊದಲು ನಕ್ಷೆ. ಇದಕ್ಕೆ ಪೈಸೆ ಖರ್ಚಿಲ್ಲ. ಉದ್ದದ ಗೋಡೆಗಳು ಉತ್ತರ, ದಕ್ಷಿಣಕ್ಕೆ ಮುಖ ಮಾಡಲಿ. ಮೆಟ್ಟಿಲು, ಲಿಫ್ಟ್‌, ಬಚ್ಚಲು ಪಶ್ಚಿಮಕ್ಕೆ ಹೋಗಲಿ. ವಾಸ್ತುವಿನವರು ಯಜಮಾನರ ಮಲಗುವ ಕೋಣೆಯನ್ನು ನೈಋತ್ಯಕ್ಕೆ ಕೇಳುತ್ತಾರೆ, ಸಂಜೆಗೆ ಹೆಚ್ಚು ಕಾಯುವ ಮೂಲೆಗಳಲ್ಲಿ ಅದೂ ಒಂದು. ಅಲ್ಲೇ ಬೇಕೆಂದರೆ ಪಶ್ಚಿಮಕ್ಕೆ ಕಿಟಕಿ ಬೇಡ. ಇಳಿಬಿಸಿಲು ಸಜ್ಜಾದ ಕೆಳಗೆ ನುಗ್ಗಿ ಬರುತ್ತದೆ.

ದಕ್ಷಿಣದ ಕಿಟಕಿಗಳಿಗೆ 2 ಅಡಿ ಸಜ್ಜಾ ಎಲ್ಲರೂ ಹಾಕುತ್ತಾರೆ, ಉತ್ತರಕ್ಕೆ ಬಿಟ್ಟುಬಿಡುತ್ತಾರೆ. ದಾವಣಗೆರೆ ಇರುವುದು ಸುಮಾರು 14.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್‌ ಕೊನೆಯಿಂದ ಆಗಸ್ಟ್‌ ಮಧ್ಯದವರೆಗೆ ನಡುಹಗಲ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಹಾಗಾಗಿ ಆ ಕಡೆಗೂ ಸಜ್ಜಾ ಬೇಕು.

ಗೋಡೆಗೆ 8 ಇಂಚಿನ ಎಎಸಿ ಬ್ಲಾಕ್‌ (ಒಳಗೆಲ್ಲ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್‌ ಇಟ್ಟಿಗೆ) ಒಳ್ಳೆಯದು. 9 ಇಂಚಿನ ಇಟ್ಟಿಗೆ ಗೋಡೆ ಬಿಡುವ ಶಾಖದ ಅರ್ಧಕ್ಕಿಂತ ಕಡಿಮೆ ಇದರಲ್ಲಿ ಒಳಬರುತ್ತದೆ, ತೂಕವೂ ಹಗುರ. ಆದರೆ ಇಟ್ಟಿಗೆಯ ರೂಢಿಯಲ್ಲಿ ಗಾರೆಯವರು ಬ್ಲಾಕನ್ನು ನೀರಲ್ಲಿ ಮುಳುಗಿಸಿ ಇಡುತ್ತಾರೆ. ಒಣಗುವಾಗ ಅದು ಕುಗ್ಗಿ ಪ್ಲಾಸ್ಟರ್‌ ಬಿರುಕು ಬಿಡುತ್ತದೆ. ಮೇಲ್ಮೈಗೆ ನೀರು ಚಿಮುಕಿಸಿದರೆ ಸಾಕು. ಸಿಮೆಂಟ್‌ ಗಾರೆಯ ಬದಲು 3 ಮಿ.ಮೀ. ಅಂಟುಗಾರೆ ಬಳಸಿ. ಕಾಲಂ ಸೇರುವಲ್ಲಿ ಎರಡೂ ಬದಿಗೆ 6 ಇಂಚು ಬರುವಂತೆ ಕೋಳಿ ಜಾಲರಿ ಹೊಡೆದ ಮೇಲೆಯೇ ಪ್ಲಾಸ್ಟರ್‌.

ಇನ್ನು ತಾರಸಿ. ಮನೆಗಳ ವಿದ್ಯುತ್‌ ಉಳಿತಾಯಕ್ಕೆಂದು ಕೇಂದ್ರ ರೂಪಿಸಿದ ಇಕೊ ನಿವಾಸ್‌ ಸಂಹಿತೆ (2018) ಚಾವಣಿಯ ಶಾಖ ಹರಿವಿಗೆ ಇಟ್ಟಿರುವ ಮಿತಿ ಪ್ರತಿ ಚದರ ಮೀಟರಿಗೆ, ಒಳಗೂ ಹೊರಗೂ ಇರುವ ಉಷ್ಣಾಂಶ ವ್ಯತ್ಯಾಸದ ಪ್ರತಿ ಡಿಗ್ರಿಗೆ 1.2 ವ್ಯಾಟ್‌. ಬರಿಯ ಸ್ಲ್ಯಾಬಿನದು 3ಕ್ಕೂ ಮೇಲೆ. 40 ಮಿ.ಮೀ. ಎಕ್ಸ್‌ಪಿಎಸ್‌ (ಶಾಖ ತಡೆಯುವ ಗಟ್ಟಿ ಫೋಮ್‌) ಹಲಗೆ ಹಾಸಿದರೆ ಅದು 0.6ರ ಆಸುಪಾಸಿಗೆ ಇಳಿಯುತ್ತದೆ.

ಕ್ರಮ ತಪ್ಪಬಾರದು. ಸ್ಲ್ಯಾಬಿನ ಮೇಲೆ 100 ಅಡಿಗೆ 1 ಅಡಿ ಇಳಿಜಾರು ಕೊಟ್ಟು ಜಲನಿರೋಧಕ ಬಳಿಯಿರಿ. ಪ್ಯಾರಪೆಟ್‌ ಬುಡವನ್ನು ದುಂಡಗೆ ಮಾಡಿ ಗೋಡೆಗೆ ಒಂದಡಿ ಹತ್ತಿಸಿ. ಆಮೇಲೆ ಮೂರು ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗಿನ ಮನೆಯಲ್ಲಿ ತೇವ ಕಾಣದಿದ್ದರೆ ಮಾತ್ರ ಹಲಗೆ ಹಾಸಿ. ಈ ಪರೀಕ್ಷೆ ಬಿಟ್ಟರೆ ಮುಂದೆ ಸೋರುವ ಜಾಗ ಹುಡುಕಲು ಮೇಲಿನದೆಲ್ಲ ಕಿತ್ತು ಹಾಕಬೇಕು. ಅಗ್ಗವೆಂದು ಪ್ಯಾಕಿಂಗ್‌ ಥರ್ಮಾಕೋಲ್‌ ಹಾಕಿದರೆ ತುಳಿದಲ್ಲೆಲ್ಲ ಕುಸಿಯುತ್ತದೆ. ಹಲಗೆಯ ಮೇಲೆ ಪಾಲಿಥೀನ್‌ ಹಾಳೆ, ಅದರ ಮೇಲೆ ಜಾಲರಿ ಇಟ್ಟು 2 ಇಂಚು ಕಾಂಕ್ರೀಟ್‌, 10 ಅಡಿಗೊಂದು ಸಂದು, ಕೊನೆಗೆ ಬಿಳಿ ಟೈಲ್ಸ್‌. ನಮ್ಮೂರಿನ ಧೂಳಿಗೆ ಬಿಳುಪು ಮಾಸುತ್ತದೆ. ಬೇಸಿಗೆಗೆ ಮುಂಚೆ ಒಮ್ಮೆ ತೊಳೆಸಬೇಕು.

ಫ್ಯಾನು ಬಿಎಲ್‌ಡಿಸಿ (ಕಡಿಮೆ ವಿದ್ಯುತ್‌ ಎಳೆಯುವ ಮೋಟಾರಿನದು) ಇರಲಿ: ಮಾಮೂಲಿ ಫ್ಯಾನಿಗೆ 75 ವ್ಯಾಟ್‌ ಬೇಕಾದಲ್ಲಿ ಇದಕ್ಕೆ 30.

ಲಿಫ್ಟ್‌, ಪಂಪು, ಮೆಟ್ಟಿಲ ದೀಪಗಳ ಬಿಲ್ಲಿಗೆ ಸೋಲಾರ್‌. ಚಾವಣಿ ಸೋಲಾರಿಗೆ ಕೇಂದ್ರ ನೆರವು ಕೊಡುವ ಪಿಎಂ ಸೂರ್ಯಘರ್‌ ಯೋಜನೆಯಲ್ಲಿ ನಿವಾಸಿಗಳ ಸಂಘಕ್ಕೆ ಸಾಮಾನ್ಯ ಬಳಕೆಯ ಘಟಕಕ್ಕೆ ಕಿಲೋವ್ಯಾಟಿಗೆ 18,000 ರೂ. ಸಹಾಯಧನವಿದೆ. ಒಂದು ಕಿಲೋವ್ಯಾಟಿಗೆ ಸುಮಾರು 100 ಚದರಡಿ ನೆರಳಿಲ್ಲದ ಜಾಗ ಬೇಕು, ದಿನಕ್ಕೆ ಸರಾಸರಿ 4 ಯೂನಿಟ್‌ ಸಿಗುತ್ತದೆ. ನೀರಿನ ಟ್ಯಾಂಕನ್ನು ಉತ್ತರದ ಅಂಚಿಗೆ ಇಟ್ಟರೆ ವರ್ಷದ ಬಹುಪಾಲು ಅದರ ನೆರಳು ಪ್ಯಾನೆಲ್‌ಗಳ ಮೇಲೆ ಬೀಳುವುದಿಲ್ಲ. ಪ್ಯಾನೆಲ್‌ ನಿಲ್ಲಿಸುವ ಕಾಂಕ್ರೀಟ್‌ ಪೀಠಗಳನ್ನು ಜಲನಿರೋಧಕ ಬಳಿಯುವ ಮೊದಲೇ ಎರಕ ಹೊಯ್ದಿಡಿ. ಆಮೇಲೆ ಸೋಲಾರಿನವರು ಡ್ರಿಲ್ ಹಿಡಿದು ಬಂದರೆ ಹೊಸ ತಾರಸಿಗೆ ತೂತು ಬೀಳುವುದು ಖಚಿತ.